ಮಾತಾಡ್ಸಾಕ ಹೋದವರು

ರಾಯಚೂರಿನಿಂದ ಬೆಳಿಗ್ಗೆ ಮಾನ್ವಿಗೆ ಹೊರಡುವ ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟು ಶಶಿಕಲಾ ಮೇಡಂ ಅವರದು. ಹಾಗೆಂದು ಯಾರೂ ಬರೆದುಕೊಟ್ಟಿಲ್ಲ. ಆದರೆ ಬೇರೆಯವರು ಅಲ್ಲಿ ಕೂತರೆ ಕಂಡಕ್ಟರನೇ ಬಂದು, "ಮೇಡಂ ಬರ್ತಾರ, ಒಂಚೂರು ಹಿಂದ ಸರೀರಿ" ಎಂದು ಎಬ್ಬಿಸುತ್ತಾನೆ. ಅವನ ತಂಗಿಯ ತಲೆಗೆ ಇಂಗ್ಲಿಷ್ ಹತ್ತಿಸಿದ್ದು ಇದೇ ಮೇಡಂ. ಜಿಲ್ಲೆಯ ಅರ್ಧ ಬಸ್ಸುಗಳಲ್ಲಿ ಆಕೆಗೆ ಇಂಥ ನೆಂಟರಿದ್ದಾರೆ.

ಊರೆಲ್ಲ ಮೇಡಂ ಅನ್ನಲಿ, ನಾವು ಶಶಿಕಲಾ ಎಂದೇ ಕರೆಯೋಣ. ಗಿಡ್ಡ ಮೈಕಟ್ಟು, ಕಾಟನ್ ಸೀರೆ, ಹೆಗಲಿಗೊಂದು ಚೀಲ. ಚೀಲದಲ್ಲಿ ಲ್ಯಾಪ್‌ಟಾಪಿಗೆ ಒತ್ತಿಕೊಂಡೇ ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ. ದನಿ ಮಾತ್ರ ಮೈಕಟ್ಟಿಗೆ ಹೊಂದುವುದಿಲ್ಲ. ಕೊನೆಯ ಬೆಂಚಿನಲ್ಲಿ ತೂಕಡಿಸುವವನು ಮೊದಲ ಮಾತಿಗೇ ನೆಟ್ಟಗಾಗುತ್ತಾನೆ.

ಆಕೆಯ ಊರು ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್. ಅಪ್ಪ ತಾಯಣ್ಣ ಹೊಲದ ಕೂಲಿ ಮಾಡುತ್ತಿದ್ದ. ಅದರ ಮೇಲೆ ಸಂಬಳವಿಲ್ಲದ ಇನ್ನೊಂದು ಚಾಕರಿ: ಮೇಲಿನ ಓಣಿಯ ಒಕ್ಕಲು ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ಸುತ್ತಲಿನ ಊರುಗಳ ಬೀಗರಿಗೆ ಸುದ್ದಿ ಮುಟ್ಟಿಸುವುದು. ಸುದ್ದಿ ಮುಟ್ಟಿಸಿ ಬಂದವನು, ಸತ್ತವರ ಮನೆಯ ಅಂಗಳದ ಬೇವಿನ ಗಿಡದ ಕೆಳಗೆ ಎಲ್ಲ ಮುಗಿಯುವ ತನಕ ನಿಂತಿರುತ್ತಿದ್ದ. ಒಳಗೆ ಬಾ ಎಂದು ಕರೆದವರಿಲ್ಲ, ಅವನೂ ಹೋದವನಲ್ಲ.

ಆ ತಾಯಣ್ಣ ತೀರಿಕೊಂಡಾಗ ಶಶಿಕಲಾ ರಾಯಚೂರಿನ ಹಾಸ್ಟೆಲಿನಲ್ಲಿದ್ದು ಎಂ.ಎ. ಓದುತ್ತಿದ್ದಳು. ಓಡಿ ಬಂದಳು. ನಮ್ಮ ಕಡೆ ಸಾವಿನ ಮನೆಗೆ ಹೋಗುವುದಕ್ಕೆ 'ಮಾತಾಡ್ಸಾಕ ಹೋಗೋದು' ಎನ್ನುತ್ತಾರೆ. ಹೋದವರು ಹೆಚ್ಚು ಮಾತಾಡುವುದಿಲ್ಲ ಎನ್ನುವುದು ಬೇರೆ ಮಾತು. ಸುಮ್ಮನೆ ಕೂಡಬೇಕು, ದುಃಖದಲ್ಲಿದ್ದವರಿಗೆ ಎರಡು ತುತ್ತು ಉಣಿಸಬೇಕು, ಬರುವಾಗ ಹೋಗಿ ಬರ್ತೀವಿ ಎಂದು ಹೇಳದೆ ಎದ್ದು ಬರಬೇಕು. ಸಾವಿನ ಮನೆಗೆ ಮತ್ತೆ ಬರ್ತೀವಿ ಎಂದು ಯಾರು ಹೇಳುತ್ತಾರೆ? ಶಶಿಕಲಾಳ ತಾಯಿ ಗೋಪಮ್ಮ ಮೇಲಿನ ಓಣಿಯ ಹೆಣ್ಣುಮಕ್ಕಳಿಗೆಂದು ಪಡಸಾಲೆಯಲ್ಲಿ ಹೊಸ ಚಾಪೆ ಹಾಸಿಸಿದಳು. "ಬರ್ತಾರ ತಡಿ. ನಿಮ್ಮಪ್ಪ ಅವರ ಎಲ್ಲರ ಮನಿಗೂ ಹೋಗ್ಯಾನ" ಎಂದಳು. ಮೇಲಿನ ಓಣಿಯ ಒಬ್ಬಿಬ್ಬರು ಗಂಡಸರು ಓಣಿಯ ಬಾಯಿಗೆ ನಿಂತು "ಯಾವಾಗ ಆತು?" ಎಂದು ಕೇಳಿ ಹೊರಳಿದರು. ಚಾಪೆಯ ಮೇಲೆ ಯಾರೂ ಕೂಡಲಿಲ್ಲ. ದಿನಕರ್ಮ ಮುಗಿದ ಮೇಲೆ ಗೋಪಮ್ಮ ಅದನ್ನು ಸುತ್ತಿ ಅಟ್ಟಕ್ಕೆ ಹಾಕಿದಳು, ಮತ್ತೆ ಅದರ ಮಾತೆತ್ತಲಿಲ್ಲ.

ಓದು ಮುಗಿಸಿ ಶಶಿಕಲಾ ದೇವದುರ್ಗದಲ್ಲಿ ಹಲವು ವರ್ಷ ಅತಿಥಿ ಉಪನ್ಯಾಸಕಿಯಾಗಿ ದುಡಿದಳು. ಲಾಕ್‌ಡೌನಿನಲ್ಲಿ ಮಕ್ಕಳೆಲ್ಲ ಮನೆ ಸೇರಿದಾಗ ಫೋನಿನಲ್ಲೇ ಪಾಠ ಮಾಡಿದಳು. ಹಾಗೆ ಮಾಡುವವರು ಜಗತ್ತಿನಲ್ಲಿ ಇನ್ನೂ ಯಾರಿದ್ದಾರೆ ಎಂದು ಹುಡುಕುತ್ತ ಹೋಗಿ, ಭಾಷಾ ಶಿಕ್ಷಕರ ಒಂದು ಆನ್‌ಲೈನ್ ಕೂಟದಲ್ಲಿ ಟೀನಾ ಎಂಬಾಕೆಯ ಪರಿಚಯವಾಯಿತು. ಟೀನಾ ಎಸ್ಟೋನಿಯಾ ದೇಶದ ಒಂದು ಸಣ್ಣ ಊರಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ಇಬ್ಬರಿಗೂ ಒಂದೇ ಕಾಟ: ಮಕ್ಕಳಿಗೆ ವ್ಯಾಕರಣ ಬರುತ್ತದೆ, ಬಾಯಿ ಬರುವುದಿಲ್ಲ. ನಮ್ಮ ಮಕ್ಕಳು ಒಬ್ಬರಿಗೊಬ್ಬರು ಮಾತಾಡಲಿ ಎಂದು ಇಬ್ಬರೂ ಆಗಲೇ ಗೊತ್ತುಮಾಡಿಕೊಂಡರು. ಶಶಿಕಲಾ ಮಾನ್ವಿಯ ಪದವಿ ಕಾಲೇಜಿಗೆ ಕಾಯಂ ಆಗಿ ಬಂದ ಮೇಲೆ ಅದು ಕೈಗೂಡಿತು. ಎಸ್ಟೋನಿಯಾ ಎಂದಾಗ "ಅದು ಯಾವ ಕಂಪನಿರೀ?" ಎಂದು ಕೇಳಿದವರೂ ಇದ್ದರು.

ಬುಧವಾರ ಮಧ್ಯಾಹ್ನ ಕಂಪ್ಯೂಟರ್ ಕೋಣೆಯಲ್ಲಿ ಈ ಕಡೆಯ ಒಬ್ಬರಿಗೆ ಆ ಕಡೆಯ ಒಬ್ಬರು ಜೋಡಿ. ಪ್ರಿನ್ಸಿಪಾಲ್ ಪ್ರಭುರಾಜರಿಗೆ ಖುಷಿಯೋ ಖುಷಿ. 'ಜಾಗತಿಕ ಪೌರತ್ವ ಕಾರ್ಯಕ್ರಮ' ಎಂದು ಗೇಟಿಗೆ ಬ್ಯಾನರ್ ಕಟ್ಟಿಸಿದರು. ಅದರಲ್ಲಿ ಭೂಗೋಳಕ್ಕಿಂತ ಅವರ ಫೋಟೊ ದೊಡ್ಡದಿತ್ತು. ಶಶಿಕಲಾ ಬ್ಯಾನರಿನ ಗೋಜಿಗೆ ಹೋಗಲಿಲ್ಲ. ಆಕೆ ಮಕ್ಕಳಿಗೆ ಹೇಳಿದ್ದು ಇಷ್ಟೇ:

"ಹಬ್ಬದ ಸೀರಿ ಉಟ್ಕೊಂಡು ಕೂಡಬ್ಯಾಡ್ರಿ. ಇವತ್ತ ಮುಂಜಾನಿ ಏನ್ ಉಂಡ್ರಿ, ಯಾರ ಕೂಡ ಜಗಳಾಡಿದ್ರಿ, ಅದನ್ನ ಹೇಳ್ರಿ. ಅವರು ಪರದೇಶದವರು ಅಂತ ಹೆದರಬ್ಯಾಡ್ರಿ. ನಿಮ್ಮ ಓಣಿಯವರು ಅಂತ ತಿಳ್ಕೊಳ್ರಿ."

ಮಾತು ಫಲಿಸಿತು. ತರಗತಿಯಲ್ಲಿ ತುಟಿ ಬಿಚ್ಚದ ಕೊಟ್ರೇಶ ಮಂಡಾಳ, ಅಂದರೆ ಮಂಡಕ್ಕಿ, ಒಗ್ಗರಣೆ ಮಾಡುವುದು ಹೇಗೆಂದು ಮುರುಕು ಇಂಗ್ಲಿಷಿನಲ್ಲೇ ಬೆವರು ಸುರಿಸಿಕೊಂಡು ಹೇಳಿದ. ಆ ಕಡೆಯ ಹುಡುಗ ಅದನ್ನು ನಂಬಿ ಮಾಡಲು ಹೋಗಿ ಬಾಣಲೆ ಸುಟ್ಟುಕೊಂಡು, ಕರಕಲು ಬಾಣಲೆಯನ್ನೇ ಕ್ಯಾಮೆರಾಕ್ಕೆ ಹಿಡಿದ. ಉಮ್ಮೇ ಕುಲ್ಸುಮ್ ಮತ್ತು ಅವಳ ಜೋಡಿ ಹುಡುಗಿ ತಮ್ಮ ತಮ್ಮ ಹಾಸ್ಟೆಲ್ ವಾರ್ಡನ್‌ಗಳನ್ನು ಬೈಯುತ್ತ ಅದೆಷ್ಟು ಒಳ್ಳೆಯ ಇಂಗ್ಲಿಷ್ ಕಲಿತರೆಂದರೆ, ಶಶಿಕಲಾ ಕೇಳಿಸಿಯೂ ಕೇಳಿಸದಂತೆ ಇದ್ದುಬಿಟ್ಟಳು.

ಎಲ್ಲರಿಗಿಂತ ಹಚ್ಚಿಕೊಂಡವಳು ಉಮಾಶ್ರೀ. ಅವಳೂ ಹಿರೇಕೊಟ್ನೆಕಲ್ಲಿನವಳೇ, ಮೇಲಿನ ಓಣಿಯ ಒಕ್ಕಲು ಮನೆಯ ಹುಡುಗಿ. ಆ ಮನೆಯಲ್ಲಿ ಅಜ್ಜಿ ಬಸವಂತಮ್ಮ ಹೂಂ ಅನ್ನದೆ ಒಲೆ ಹೊತ್ತುವುದಿಲ್ಲ. ಉಮಾಶ್ರೀಯ ಜೋಡಿ ಲೀಸ್‌ಬೆತ್ ಎಂಬ ಹುಡುಗಿ. ಲೀಸ್‌ಬೆತ್‌ಳನ್ನು ಸಾಕಿದ್ದು ಜೇನು ಸಾಕುವ ಅವಳ ಅಜ್ಜ. ಅವನು ಒಮ್ಮೆ ಪರದೆಗೆ ಬಂದು ಟೊಪ್ಪಿಗೆ ತೆಗೆದು ತಲೆಬಾಗಿದ್ದ. ಉಮಾಶ್ರೀ ಅವನಿಗೆ ಇಲ್ಲಿಂದಲೇ ಶರಣು ಮಾಡಿದ್ದಳು.

ಒಂದು ಬುಧವಾರ ಲೀಸ್‌ಬೆತ್ ಕಾಣಲಿಲ್ಲ. ಅವಳ ಅಜ್ಜ ತೀರಿಕೊಂಡರು, ಈ ವಾರ ಅವಳಿಗೆ ತೊಂದರೆ ಕೊಡುವುದು ಬೇಡ ಎಂದು ಟೀನಾ ಹೇಳಿದಳು. ಉಮಾಶ್ರೀ ಸಪ್ಪೆ ಮುಖ ಹೊತ್ತು ಮನೆಗೆ ಹೋಗಿ ಅಜ್ಜಿಗೆ ಹೇಳಿದಳು.

"ಮತ್ತ ಮಾತಾಡ್ಸಾಕ ಹೋಗಿದ್ರೇನು?" ಎಂದಳು ಬಸವಂತಮ್ಮ.

"ಅಷ್ಟು ದೂರ ಹ್ಯಾಂಗ ಹೋಗೋದಬೇ?"

"ವಾರಾ ವಾರಾ ಹ್ಯಾಂಗ ಹೋಗ್ತೀರಿ, ಹಂಗ ಹೋಗ್ರಿ. ಸುಖಕ್ಕ ಹಲ್ಲು ಕಿಸಿಯಾಕ ಹೋಗ್ತೀರಿ, ದುಃಖಕ್ಕ ಹೋಗಾಕ ದೂರ ಆಕೈತೇನು?"

ಮರುದಿನ ಶಶಿಕಲಾ ಉತ್ತರಪತ್ರಿಕೆ ತಿದ್ದುವ ಕೆಲಸಕ್ಕೆ ರಾಯಚೂರಿನಲ್ಲೇ ಉಳಿದಿದ್ದಳು. ಇಲ್ಲಿ ಇಡೀ ತರಗತಿ ಕಂಪ್ಯೂಟರ್ ಕೋಣೆಯಲ್ಲಿ ಸೇರಿತು. ಹುಡುಗಿಯರು ತಲೆಯ ಮೇಲೆ ಸೆರಗು, ವೇಲು ಹೊದ್ದುಕೊಂಡರು. ಉಮಾಶ್ರೀ ವಿಡಿಯೋ ಕರೆ ಮಾಡಿದಳು. ಗೆಳತಿ ಒಬ್ಬಳೇ ಇರುತ್ತಾಳೆಂದು ಕರೆ ಎತ್ತಿದ ಲೀಸ್‌ಬೆತ್‌ಗೆ ಪರದೆ ತುಂಬ ಮುಖಗಳು ಕಂಡವು. ಒಬ್ಬರೂ ನಗಲಿಲ್ಲ, ಒಬ್ಬರೂ ಮಾತಾಡಲಿಲ್ಲ. ಬಹಳ ಹೊತ್ತು ಹಾಗೇ ಕೂತರು. ಆಮೇಲೆ ಉಮಾಶ್ರೀ, ಊಟ ಮಾಡಿದೆಯಾ ಎಂದು ಕೇಳಿದಳು. ಅವಳು ಇಲ್ಲವೆಂದು ತಲೆಯಾಡಿಸಿದಳು. ನಮ್ಮ ಮುಂದೆ ಎರಡು ತುತ್ತು ತಿನ್ನು ಎಂದಳು ಉಮಾಶ್ರೀ. ಎಲ್ಲರೂ ತಿನ್ನು ತಿನ್ನು ಎಂದರು. ಲೀಸ್‌ಬೆತ್ ಮುಖ ಮುಚ್ಚಿಕೊಂಡು ಅತ್ತಳು. ಅಳಲಿ, ಹಗುರಾಗುತ್ತದೆ ಎಂದು ಇವರು ಕೂತೇ ಇದ್ದರು. ಕೊನೆಗೆ ಪದ್ಧತಿಯಂತೆ, ಹೇಳದೆ ಕೇಳದೆ ಎದ್ದು ಕರೆ ನಿಲ್ಲಿಸಿದರು. ಮಾಡಬೇಕಾದ್ದನ್ನು ಮಾಡಿದ ಸಮಾಧಾನದಿಂದ ಬಸ್ಸು ಹತ್ತಿದರು, ಪಾಪ.

ವಾರ ಕಳೆಯುವುದರೊಳಗೆ ಟೀನಾಳ ಕಾಲೇಜಿನಿಂದ ಪ್ರಿನ್ಸಿಪಾಲರಿಗೆ ಇಮೇಲ್ ಬಂತು. ಹುಡುಗಿಯ ತಾಯಿ ದೂರು ಕೊಟ್ಟಿದ್ದಳು. ಸಾವಾದ ಮನೆಗೆ ಕರೆಯದೆ ಒಂದು ಗುಂಪು ನುಗ್ಗಿತು, ಮಗಳು ಅಳುವುದನ್ನು ಕೂತು ನೋಡಿತು, ತಿನ್ನು ಎಂದು ಅಪ್ಪಣೆ ಮಾಡಿತು, ಒಂದು ಮಾತೂ ಹೇಳದೆ ಮುಖದ ಮೇಲೆ ಕರೆ ಕಡಿಯಿತು. ವಿವರಣೆ ಬರುವ ತನಕ ಬುಧವಾರದ ಕೂಟ ನಿಂತಿದೆ.

ಪ್ರಭುರಾಜರು ಶಶಿಕಲಾಳನ್ನು ಕರೆಸಿದರು. "ಉಮಾಶ್ರೀ ಕೈಲಿ ತಪ್ಪಾತು ಅಂತ ಬರಸ್ರಿ, ಕಾಲೇಜಿನ ಲೆಟರ್‌ಹೆಡ್‌ನ್ಯಾಗ ಕಳಸ್ತೀನಿ. ಇಲ್ಲಂದ್ರ ಈ ಕಾರ್ಯಕ್ರಮ ಇಲ್ಲಿಗೇ ಬಂದ್."

ಮಾತು ಗೋಡೆಗಳಿಗೂ ಕೇಳಿಸಿತು, ಉಮಾಶ್ರೀಗೂ ಕೇಳಿಸಿತು. ಅವತ್ತು ಮನೆಗೆ ಹೋದವಳು ಮತ್ತೆ ಕಾಲೇಜಿಗೆ ಬರಲಿಲ್ಲ. ಸತ್ತವರ ಮನೆಗೆ ಹೋದದ್ದು ತಪ್ಪು ಎನ್ನುವ ಕಾಲೇಜು ನಮಗೆ ಬೇಕಾಗಿಲ್ಲ ಎಂದು ಬಸವಂತಮ್ಮ ಅಪ್ಪಣೆ ಕೊಡಿಸಿದ್ದಳು. ತಪ್ಪೊಪ್ಪಿಗೆ ಬರೆಸಿದರೆ ಹುಡುಗಿಯ ಓದು ಹೋಗುತ್ತದೆ, ಬರೆಸದಿದ್ದರೆ ಕೂಟ ಹೋಗುತ್ತದೆ. ಬೇರೆಯವರಾದರೆ ಯಾವುದಾದರೂ ಒಂದನ್ನು ಕೈಬಿಡುತ್ತಿದ್ದರು. ಶಶಿಕಲಾಳಿಗೆ ಎರಡೂ ಬೇಕಿತ್ತು.

ಆಕೆ ಮೇಲಿನ ಓಣಿಯ ಆ ಮನೆಗೆ ಹೋದಳು. ಅಂಗಳದಲ್ಲಿ ಬೇವಿನ ಗಿಡ ಇನ್ನೂ ಇತ್ತು. ಅದರ ಬುಡವನ್ನೊಮ್ಮೆ ನೋಡಿದಳು. "ಬರ್ರಿ ಮೇಡಂರೀ, ಒಳಗ ಬರ್ರಿ" ಎಂದು ಬಸವಂತಮ್ಮನೇ ಬಾಗಿಲಿಗೆ ಬಂದು ಕರೆದಳು. ಸರಕಾರಿ ನೌಕರಿಯ ಮೇಡಂಗೆ ಬಾಗಿಲು ತೆರೆಯುತ್ತದೆ ನೋಡಿ. ಶಶಿಕಲಾ ಹೋಗಿ ಕುರ್ಚಿಯಲ್ಲಿ ಕೂತಳು.

"ಸತ್ತವರ ಮನಿಗೆ ಹೋಗೋದು ಯಾವಾಗಿಂದ ತಪ್ಪಾತ್ರೀ?" ಎಂದು ಬಸವಂತಮ್ಮ ಶುರುಮಾಡಿದಳು. "ವೈರಿ ಸತ್ರೂ ಹೋಗ್ತೀವಿ ನಾವು."

ಶಶಿಕಲಾಳ ನಾಲಿಗೆಯ ತುದಿಗೆ ಒಂದು ಮಾತು ಬಂತು. ಬಂದದ್ದನ್ನು ನುಂಗಿದಳು. ಹೆದರಿ ಅಲ್ಲ, ಆಕೆಗೆ ಹೆದರಿಕೆಯ ಪರಿಚಯ ಕಡಿಮೆ. ಅವತ್ತು ಬಂದದ್ದು ಹುಡುಗಿಯ ಸಲುವಾಗಿ, ಅಪ್ಪನ ಸಲುವಾಗಿ ಅಲ್ಲ. ನನಗೆ ಕೇಳಿದರೆ, ಈ ಹೆಣ್ಣುಮಗಳ ದೊಡ್ಡತನ ಇರುವುದು ಆ ನುಂಗಿದ ಮಾತಿನಲ್ಲೇ.

"ನಾ ಏನ್ ತಪ್ಪು ಮಾಡೀನ್ರಿ?" ಎಂದಳು ಉಮಾಶ್ರೀ, ಬಾಗಿಲ ಸಂದಿಯಲ್ಲಿ ನಿಂತು.

"ಹೋಗಿದ್ದು ತಪ್ಪಲ್ಲ. ಬರಬಹುದೇನು ಅಂತ ಆಕೀನ್ನ ಕೇಳಲಿಲ್ಲ, ಅಷ್ಟ. ಅದೂ ನಿನ್ನ ತಪ್ಪಲ್ಲ. ನಿಮ್ಮ ಓಣಿಯವರು ಅಂತ ತಿಳ್ಕೊಳ್ರಿ ಅಂದಾಕಿ ನಾನು. ಅವರ ಓಣ್ಯಾಗ ಏನು ಪದ್ಧತಿ ಅದ ಅಂತ ಕೇಳ್ರಿ ಅಂತ ಹೇಳೋದು ಬಿಟ್ಟೆ. ತಪ್ಪಾತು ಅಂತ ನಿನ್ನ ಕೈಲಿ ನಾ ಬರಸಂಗಿಲ್ಲ. ಆದ್ರ ಆಕಿ ಕೂಡ ನೀ ಮಾತಾಡಬೇಕು."

"ಆಕಿ ನನ್ನ ಮಾರಿ ನೋಡ್ತಾಳೇನ್ರಿ?"

"ಕೇಳಿದ್ರ ತಿಳೀತದ. ನಾಳಿ ಬಾ." ತಪ್ಪಾತು ಅಂತ ಬರೆಸುವುದಿಲ್ಲ ಎಂದದ್ದನ್ನು ಕೇಳಿದ ಬಸವಂತಮ್ಮನೂ ಹೂಂ ಅಂದಳು.

ಮರುದಿನ ಉಮಾಶ್ರೀಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಶಶಿಕಲಾ ಟೀನಾಗೆ ಕರೆ ಮಾಡಿದಳು. ಮಕ್ಕಳು ಯಾಕೆ ಸುಮ್ಮನೆ ಕೂತರು, ಯಾಕೆ ತಿನ್ನು ಎಂದರು, ಯಾಕೆ ಹೇಳದೆ ಎದ್ದರು ಎಲ್ಲವನ್ನೂ ಬಿಡಿಸಿ ಹೇಳಿದಳು. ಟೀನಾ ಕೇಳಿಸಿಕೊಂಡಳು. ನಮ್ಮಲ್ಲಿ ದುಃಖದಲ್ಲಿದ್ದವರನ್ನು ಅವರ ಪಾಡಿಗೆ ಬಿಡುವುದೇ ಮರ್ಯಾದೆ, ಹೂವು ಕೊಟ್ಟು ದೂರ ಸರಿಯುತ್ತೇವೆ ಎಂದು ಹೇಳಿದಳು. ಇನ್ನು ಮುಂದೆ ಸಾವಿನ ಮನೆಗೆ ಹೀಗೆ ಹೋಗಬೇಡಿ ಎಂದು ಮಕ್ಕಳಿಗೆ ಹೇಳಿಬಿಟ್ಟರೆ ಸಾಕಲ್ಲ ಎಂದಳು.

ಆಗ ಶಶಿಕಲಾ, ಯಾರಿಗೂ ಹೇಳದೇ ಇದ್ದದ್ದನ್ನು ಹೇಳಿದಳು. ಇಂಗ್ಲಿಷಿನಲ್ಲಿ, ನಿಧಾನಕ್ಕೆ, ಆಕೆಯದಲ್ಲವೆಂಬಷ್ಟು ಸಣ್ಣ ದನಿಯಲ್ಲಿ.

"ನನ್ನ ಅಪ್ಪ ಸತ್ತಾಗ ಅರ್ಧ ಊರು ನಮ್ಮ ಮನೆಗೆ ಬರಲಿಲ್ಲ. ನಮ್ಮ ಜಾತಿಯ ಕಾರಣಕ್ಕೆ. ನನ್ನ ತಾಯಿ ಅವರಿಗೆಂದು ಚಾಪೆ ಹಾಸಿಕೊಂಡು ಕಾದಳು. ಅದನ್ನು ನೋಡಿದವಳು ನಾನು. ಸಾವಿನ ಮನೆಗೆ ಹೋಗಬೇಡಿ ಎಂದು ಈ ಮಕ್ಕಳಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ, ಟೀನಾ. ಕೇಳಿ ಹೋಗಿ ಎಂದು ಹೇಳುತ್ತೇನೆ. ಮೊದಲೇ ಹೇಳದ್ದು ನನ್ನ ತಪ್ಪು. ಕಾಲೇಜಿಗೆ ಕ್ಷಮಾಪಣೆ ಬೇಕಿದ್ದರೆ ನನ್ನ ಹೆಸರಿನಲ್ಲಿ ತೆಗೆದುಕೊಳ್ಳಿ."

ಪಕ್ಕದಲ್ಲಿದ್ದ ಉಮಾಶ್ರೀಯ ಮುಖ ಬಿಳಿಚಿತು. ಮೇಡಂ ಊರು ಯಾವುದೆಂದು ಅವಳಿಗೆ ಗೊತ್ತಿತ್ತು. ಬಾರದೇ ಇದ್ದ ಅರ್ಧ ಊರು ಯಾವುದೆಂದು ಈಗ ಗೊತ್ತಾಯಿತು. ಟೀನಾ ಕನ್ನಡಕ ತೆಗೆದು ಒರೆಸಿಕೊಂಡಳು. ಲೀಸ್‌ಬೆತ್‌ಳನ್ನೂ ಅವಳ ತಾಯಿಯನ್ನೂ ಕೇಳುತ್ತೇನೆ, ನನಗೆ ಸ್ವಲ್ಪ ಸಮಯ ಕೊಡು ಎಂದಳು.

ಉಮಾಶ್ರೀ ಕಾಲೇಜಿಗೆ ಬರತೊಡಗಿದಳು. ಬುಧವಾರಗಳು ಮಾತ್ರ ಖಾಲಿಯೇ ಹೋದವು. ಪ್ರಭುರಾಜರು ಗೇಟಿನ ಬ್ಯಾನರನ್ನು ಒಂದು ಬದಿ ಬಿಚ್ಚಿಸಿ, ಏನಾಗುತ್ತದೋ ನೋಡೋಣ ಎಂದು ಇನ್ನೊಂದು ಬದಿ ಹಾಗೇ ಬಿಟ್ಟಿದ್ದರು. ಬಿಸಿಲು ಏರಿ, ಅವರ ಫೋಟೊದ ಬಣ್ಣ ಹಾರಿತು.

ಒಂದು ಬುಧವಾರ ಟೀನಾಳೇ ಕರೆದಳು. ಪಕ್ಕದಲ್ಲಿ ಲೀಸ್‌ಬೆತ್ ಇದ್ದಳು. ಇಳಿದುಹೋಗಿದ್ದಳು.

"ನೀವು ಬಂದಾಗ ನನಗೆ ಸಿಟ್ಟು ಬಂದಿತ್ತು," ಎಂದು ಅವಳು ನೇರವಾಗಿ ಉಮಾಶ್ರೀಗೆ ಹೇಳಿದಳು. "ನನಗೆ ಒಬ್ಬಳೇ ಇರಬೇಕಾಗಿತ್ತು. ನೀವು ಎಲ್ಲರೂ ನೋಡುತ್ತ ಕೂತಿರಿ."

"ನನಗೆ ತಿಳಿಯಲಿಲ್ಲ," ಎಂದಳು ಉಮಾಶ್ರೀ. ಕಣ್ಣು ತುಂಬಿದ್ದವು, ಆದರೆ ಮುಖ ತಿರುಗಿಸಲಿಲ್ಲ. "ಮೊದಲು ಕೇಳಬೇಕಾಗಿತ್ತು."

ಲೀಸ್‌ಬೆತ್ ತಲೆಯಾಡಿಸಿದಳು. "ಆಗ ಎಲ್ಲರೂ ನನ್ನನ್ನು ನನ್ನ ಪಾಡಿಗೆ ಬಿಟ್ಟರು. ಅದು ಒಳ್ಳೆಯದೇ ಆಯಿತು. ಈಗಲೂ ಹಾಗೇ ಬಿಟ್ಟಿದ್ದಾರೆ. ನಾನು ಅಳುತ್ತೇನೆಂದು ಯಾರೂ ಅಜ್ಜನ ಹೆಸರು ಎತ್ತುವುದಿಲ್ಲ. ಅವನ ಜೇನುಪೆಟ್ಟಿಗೆಗಳು ಅಂಗಳದಲ್ಲೇ ಇವೆ. ನನಗೆ ಅವನ ಬಗ್ಗೆ ಮಾತಾಡಬೇಕು." ಆಮೇಲೆ ಕೇಳಿದಳು: "ಈಗ ಬರುತ್ತೀರಾ?"

ಮುಂದಿನ ಬುಧವಾರ ಉಮಾಶ್ರೀಯ ಜೊತೆ ಬಸವಂತಮ್ಮ ಬಂದಳು. ಕಾಲೇಜಿನ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಕಂಪ್ಯೂಟರ್ ಮುಂದಿನ ಕುರ್ಚಿಯಲ್ಲಿ ಕೂತು, ತಲೆಯ ಮೇಲೆ ಸೆರಗೆಳೆದುಕೊಂಡು, ಪರದೆಯ ಹುಡುಗಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ, "ಯವ್ವಾ, ನಿಮ್ಮಜ್ಜ ಹ್ಯಾಂಗಿದ್ದ ಹೇಳು" ಎಂದಳು. ಶಶಿಕಲಾ ಇಂಗ್ಲಿಷಿಗೆ ತಿರುಗಿಸಿದಳು.

ಲೀಸ್‌ಬೆತ್ ಹೇಳಿದಳು. ಜೇನುಹುಳು ಕಚ್ಚಿದಾಗ ಅಜ್ಜ ಅವಕ್ಕೆ ಹೆಸರು ಹಿಡಿದು ಬೈಯುತ್ತಿದ್ದನಂತೆ. ಅದನ್ನು ಹೇಳುತ್ತ ನಕ್ಕಳು, ನಗುತ್ತ ಅತ್ತಳು. ಯಾರೂ ಸುಮ್ಮನಿರು ಎನ್ನಲಿಲ್ಲ. ಕೊನೆಗೆ ತಾನಾಗಿಯೇ ಎದ್ದು ಹೋಗಿ ಕಪ್ಪು ರೊಟ್ಟಿಯೊಂದಕ್ಕೆ ಅಜ್ಜನ ಕೊನೆಯ ಜೇನು ಸವರಿಕೊಂಡು ಬಂದು, ಎಲ್ಲರ ಮುಂದೆ ತಿಂದಳು. "ಇನ್ನೊಂದು ತುತ್ತು" ಎಂದಳು ಬಸವಂತಮ್ಮ. ಅದನ್ನು ತಿರುಗಿಸುವ ಮೊದಲೇ ಹುಡುಗಿ ತಿಂದಿದ್ದಳು. ಆಮೇಲೆ ಇವರು ಒಬ್ಬೊಬ್ಬರಾಗಿ ಹೇಳದೆ ಎದ್ದರು. ಅವಳಿಗೆ ಈಗ ಅದರ ಅರ್ಥ ಗೊತ್ತಿತ್ತು.

ಹೊರಗೆ ಕಟ್ಟೆಯ ಮೇಲೆ ಬಸವಂತಮ್ಮ ಶಶಿಕಲಾಳಿಗಾಗಿ ಕಾಯುತ್ತಿದ್ದಳು.

"ತಡಾ ಮಾಡಿ ಹೋದ್ರೂ ನಡೀತದ ಅಂದಂಗಾತ್ರಿ."

"ಹೂಂರೀ ಯವ್ವಾ. ನಡೀತು."

ಬಸವಂತಮ್ಮ ನೆಲ ನೋಡುತ್ತ ಕೂತಳು. "ಉಮಾ ಎಲ್ಲಾ ಹೇಳ್ಯಾಳ. ಚಾಪಿ ವಿಷ್ಯಾನೂ ಹೇಳ್ಯಾಳ. ಅವತ್ತು ವೈರಿ ಸತ್ರೂ ಹೋಗ್ತೀವಿ ಅಂದೆ, ನೀವು ಸುಮ್ಮನ ಕುಂತ್ರಿ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಐತ್ವಾರ ನಾ ಬರಬಹುದೇನು ಅಂತ ನಿಮ್ಮವ್ವನ್ನ ಕೇಳ್ರಿ."

ಶಶಿಕಲಾ ಅವತ್ತು ಬಸ್ಸಿನಲ್ಲೇ ಫೋನು ಮಾಡಿದಳು. "ಇಷ್ಟು ವರ್ಷ ಆದ ಮ್ಯಾಲ ಯಾಕಂತ?" ಎಂದಳು ಗೋಪಮ್ಮ ಬಿರುಸಾಗಿ. ಆಮೇಲೆ, "ಬರ್ಲಿ. ಚಾಪಿ ಅದ" ಎಂದಳು.

ಭಾನುವಾರ ಬಸವಂತಮ್ಮ ತನ್ನ ಅಂಗಳದ ಬೇವಿನ ಗಿಡ ದಾಟಿ, ರಸ್ತೆ ದಾಟಿ, ಕೆಳಗಿನ ಓಣಿಗೆ ಬಂದಳು. ಕೈಯಲ್ಲಿ ಬಟ್ಟೆಗೆ ಕಟ್ಟಿದ ಬುತ್ತಿ, ಹಿಂದೆ ಉಮಾಶ್ರೀ. ಓಣಿಯವರು ಬಾಗಿಲಿಗೆ ಬಂದು ನಿಂತು ನೋಡಿದರು. ಗೋಪಮ್ಮನ ಪಡಸಾಲೆಯಲ್ಲಿ, ಗೋಡೆಯ ಬುದ್ಧನ ಪಟದ ಕೆಳಗೆ, ಸುತ್ತಿಟ್ಟ ಸುರುಳಿ ಬಿಡದ ಚಾಪೆ ಹಾಸಿತ್ತು. ಬಸವಂತಮ್ಮ ಅದರ ಮೇಲೆ ಕೂತಳು. ಯಾರೂ ಮಾತಾಡಲಿಲ್ಲ. ಶಶಿಕಲಾ ಬಾಗಿಲಿಗೆ ಆನಿಕೊಂಡು ನಿಂತಿದ್ದಳು.

"ಗೋಪಮ್ಮಾ," ಎಂದಳು ಬಸವಂತಮ್ಮ. ಮೊದಲೆಲ್ಲ 'ಏ ಗೋಪಿ' ಎನ್ನುತ್ತಿದ್ದ ಬಾಯಿ ಅದು. "ನಮ್ಮತ್ತಿ ತೀರಿದಾಗ ತಾಯಣ್ಣ ಮಳ್ಯಾಗ ಬಾಗಲವಾಡಕ್ಕ ನಡದು ಹೋಗಿ ಸುದ್ದಿ ಮುಟ್ಟಿಸಿದ್ದ. ಬಂದು ತೊಯ್ಸಿಕೊಂಡೇ ಗಿಡದ ಕೆಳಗ ನಿಂತಿದ್ದ. ನಾ ಒಳಗಿಂದ ನೋಡೀನಿ. ಬಾ ಅನ್ನಲಿಲ್ಲ."

ಬುತ್ತಿ ಬಿಚ್ಚಿ ರೊಟ್ಟಿ ಮುರಿದು ಗೋಪಮ್ಮನ ಕೈಗೆ ಕೊಟ್ಟಳು. ಗೋಪಮ್ಮ ಒಂದು ತುತ್ತು ಬಾಯಿಗಿಟ್ಟು, ಉಳಿದ ಚೂರನ್ನು ಹಿಡಿದುಕೊಂಡೇ ಕೂತಳು. ಬಸವಂತಮ್ಮ ಆ ಚೂರಿನಿಂದಲೇ ಒಂದಿಷ್ಟು ಮುರಿದುಕೊಂಡು ತಾನೂ ತಿಂದಳು. ಆಮೇಲೆ ಮೊಣಕಾಲಿಗೆ ಕೈಯೂರಿ ಎದ್ದಳು. ಹೋಗಿ ಬರ್ತೀನಿ ಎನ್ನಲಿಲ್ಲ. ತಿರುಗಿ ನೋಡದೆ ಹೊಸ್ತಿಲು ದಾಟಿ ಹೋದಳು.

"ಹೇಳದ ಹೋದಳು ನೋಡು, ಶಶಿ" ಎಂದಳು ಗೋಪಮ್ಮ. ಆಮೇಲೆ, ತಾಯಣ್ಣ ಅವತ್ತೇ ತೀರಿಕೊಂಡನೇನೋ ಎಂಬಂತೆ, ದನಿ ತೆಗೆದು ಅತ್ತಳು.